ಗಾಜಿನಲ್ಲಿ ಕಂಡ ಕೆಂಪು

ತಿಮ್ಮರಾಯಪ್ಪ ಆ ದಿನ ಮಾಡಿದ ತಪ್ಪು ಒಂದೇ: ಸೂಕ್ಷ್ಮದರ್ಶಕದ ಕೋಣೆಗೆ ಬೀಗ ಹಾಕದೆ ಬಸ್ಸಿಗೆ ಓಡಿದ್ದು.

ಡೆಂಕಣಿಕೋಟೆ ರಸ್ತೆಯ ಒಂದು ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಅವನು ಹಂಗಾಮಿ ಸಹಾಯಕ. ಯುದ್ಧ ಮುಗಿದು, ಸ್ವಾತಂತ್ರ್ಯ ಬಂದು ವರ್ಷವಾದರೂ ಏಳು ವರ್ಷದಿಂದ ಹಂಗಾಮಿಯೇ. ಅವತ್ತು ಸೇಲಂನಿಂದ ಸಾಹೇಬರು ಬರುವವರಿದ್ದರು. ಹುಳುವಿನ ರೇಷ್ಮೆಗ್ರಂಥಿಗೆ ಬಣ್ಣ ಹಾಕಿ, ಡಿಎನ್‌ಎ ಯಾವುದು, ಆರ್‌ಎನ್‌ಎ ಯಾವುದು ಎಂದು ತೋರಿಸಿದರೆ ಕೆಲಸ ಕಾಯಂ ಎಂದು ಬರೆದಿದ್ದರು.

ಅದಕ್ಕೆ ಹೆಂಡತಿ ಸಾಕಿದ ಹುಳುಗಳಲ್ಲೇ ಒಂದನ್ನು ಕೇಳಬೇಕಾಯಿತು. ಮಗು ತೀರಿಕೊಂಡ ಮೇಲೆ ಭದ್ರಮ್ಮ ಆರು ತಿಂಗಳು ಮಾತೇ ಆಡಿರಲಿಲ್ಲ. ಈ ಹುಳುಗಳಿಗೆ ಸೊಪ್ಪು ಹಾಕುತ್ತಾ ಹಾಕುತ್ತಾ ಮತ್ತೆ ಬಾಯಿ ಬಿಟ್ಟಿದ್ದಳು.

"ಮೆತ್ತಗೆ ಎತ್ಕಳಿ, ಮಿಕ್ಕವಕ್ಕೆ ಎಚ್ರ ಆಯ್ತದೆ" ಅಂದಿದ್ದಳು, ಅಷ್ಟೇ. ಅದರ ಗ್ರಂಥಿಗೆ ಬಣ್ಣ ಹಾಕಿ, ಗಾಜಿಗೇರಿಸಿ ಸೂಕ್ಷ್ಮದರ್ಶಕದಡಿ ಇಟ್ಟು ಬಂದಿದ್ದ.

ಬಸ್ಸು ಎರಡು ಗಂಟೆ ತಡ. ತಿಮ್ಮರಾಯಪ್ಪ ಹುಣಿಸೆಮರದ ಕೆಳಗೆ ನಿಂತು ಒಂದು ಎಮ್ಮೆಗೆ ಪಾಠ ಒಪ್ಪಿಸಿದ: "ಎರಡೂ ಅಣ್ಣತಮ್ಮಂದಿರು ಸಾರ್. ಆರ್‌ಎನ್‌ಎ ಸಕ್ಕರೇಲಿ ಆಮ್ಲಜನಕ ಒಂದು ಹೆಚ್ಚು, ಡಿಎನ್‌ಎದ್ರಲ್ಲಿ ಕಮ್ಮಿ. ಹಸಿರಾಗಿ ಕಾಣೋದು ಡಿಎನ್‌ಎ, ಕೋಶದ ನಡುಮನೆ ಬಿಟ್ಟು ಕದಲಲ್ಲ. ಕೆಂಪು ಆರ್‌ಎನ್‌ಎ, ಹೊರಗಡೆ ದುಡಿಯೋದು. ರೇಷ್ಮೆ ಜಾಸ್ತಿ ತಯಾರಾಗೋ ಕಡೆ ಕೆಂಪೂ ಜಾಸ್ತಿ. ಇಷ್ಟು ಕೆಂಪಿದ್ರೆ ಹುಳ ಗಟ್ಟಿಮುಟ್ಟು ಅಂತ ಲೆಕ್ಕ."

ಎಮ್ಮೆ ಒಪ್ಪಿಕೊಂಡಂತೆ ಕಂಡಿತು.

ಅತ್ತ ಭದ್ರಮ್ಮ ಕೇಂದ್ರಕ್ಕೆ ಮಧ್ಯಾಹ್ನದ ಮುದ್ದೆ ತಂದಳು. ಜೊತೆಗೆ ಪಕ್ಕದ ಮನೆಯ ಮುನಿಗಂಗಮ್ಮ; ತೆರೆದ ಬಾಗಿಲು ಕಂಡರೆ ಆಕೆಯ ಕಾಲು ನಿಲ್ಲದು. ಸೂಕ್ಷ್ಮದರ್ಶಕಕ್ಕೆ ಬಾಗಿ ಒಂದು ಕಣ್ಣು ಮುಚ್ಚಿ ನೋಡಿದವಳೇ ಕೂಗಿದಳು, "ಅಯ್ಯಯ್ಯೋ, ಒಳಗೆಲ್ಲಾ ಕೆಂಪು ಕಣೇ!"

ಆ ಊರಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಒಂದೇ ಪಾಠ. ಆ ಗಾಜಿನಲ್ಲಿ ಏನೂ ಕಾಣದಿದ್ದರೆ ಹುಳು ಶುದ್ಧ. ಏನಾದರೂ ಕಂಡರೆ ಗಂಟುರೋಗ. ರೋಗ ಊರಿಗೆ ಹಬ್ಬುವ ಮೊದಲು ಆ ಮನೆಯ ಹುಳುವನ್ನೆಲ್ಲ ಸುಡಬೇಕು. ಭದ್ರಮ್ಮನೂ ನೋಡಿದಳು. ಮುದ್ದೆ ಅಲ್ಲೇ ಇಟ್ಟು, ಕೇಂದ್ರದ ಹಿಂದೆಯೇ ಇದ್ದ ಮನೆಗೆ ನಡೆದಳು.

ಇದ್ದಿಲು ಉರಿಸಿ ಓಡುವ ಬಸ್ಸಿನಿಂದ ಮಸಿ ಮುಖ ಹೊತ್ತು ಇಳಿದ ಸಾಹೇಬರನ್ನು ಕರೆದುಕೊಂಡು ತಿಮ್ಮರಾಯಪ್ಪ ಬಂದಾಗ ಮನೆಯ ಅಂಗಳದಲ್ಲಿ ಹೊಗೆ.

"ನಾನೇ ಕಂಡ್ಹಿಡ್ದಿದ್ದು ಸ್ವಾಮಿ!" ಎಂದಳು ಮುನಿಗಂಗಮ್ಮ.

"ನಾನೇ ಸುಟ್ಟೆ" ಎಂದಳು ಭದ್ರಮ್ಮ, ಗಂಡನ ಕಡೆ ತಿರುಗಿ. "ನಮ್ಮನೇಲೇ ರೋಗ ಇಟ್ಕಂಡಿದ್ರು ಅಂತ ನಿಮ್ಗೆ ಕೆಟ್ಟೆಸ್ರು ಬರ್ಬಾರ್ದು ನೋಡಿ. ಇನ್ನೆಲ್ಡು ದಿನಕ್ಕೆ ಗೂಡು ಕಟ್ತಿದ್ವು."

ತಿಮ್ಮರಾಯಪ್ಪ ಕೇಂದ್ರದೊಳಗೆ ಬರುವಷ್ಟರಲ್ಲಿ ಸಾಹೇಬರು ಆಗಲೇ ಗಾಜಿನ ಮೇಲೆ ಬಾಗಿದ್ದರು.

"ಭೇಷ್! ಬಣ್ಣ ಚೆನ್ನಾಗಿ ಹಿಡಿದಿದೆಯಲ್ಲಯ್ಯಾ. ಹೇಳು, ಈ ಕೆಂಪು ಏನು?"

ಏಳು ವರ್ಷ ಕಾದ ಪ್ರಶ್ನೆ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಬಾಗಿಲಲ್ಲಿ ಬೂದಿಗೈ ಮಾಡಿಕೊಂಡು ಭದ್ರಮ್ಮ ನಿಂತಿದ್ದಳು.

"ರೋಗಾನೇ ಅಲ್ವಾ?" ಎಂದಳು ಮೆಲ್ಲಗೆ.

"ರೋಗಾನೇ" ಎಂದ ತಿಮ್ಮರಾಯಪ್ಪ. "ಗಂಟುರೋಗ ಸಾರ್."

ಸಾಹೇಬರು ಅವನ ಮುಖವನ್ನೇ ನೋಡಿದರು. "ಏಳು ವರ್ಷದಲ್ಲಿ ಇಷ್ಟೇನಾ ನೀನು ಕಲಿತದ್ದು? ತಿಂಗಳ ಕೊನೆಗೆ ಜಾಗ ಖಾಲಿ ಮಾಡು" ಎಂದರು; ಅದನ್ನೇ ಬರೆದು ಸಹಿ ಹಾಕಿ, ಬಸ್ಸಿಗೆ ನಡೆದರು.

ಭದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕೆಲ್ಸ ಹೋದ್ರೆ ಹೋಗ್ಲಿ ಬುಡಿ" ಅಂದಳು. "ಅಂಥ ದೊಡ್ಡೋರ ಮುಂದೂ ನೀವು ಸುಳ್ಳು ಹೇಳ್ಲಿಲ್ವಲ್ಲ."