ನಗದೆ ತಮಾಷೆ ಮಾಡುವ ಬೀಗರು

ಸ್ವಲ್ಪ ಹತ್ತಿರ ಬನ್ನಿ. ಬಾಗಿಲು ಎಳೆದುಕೊಳ್ಳಿ. ಈ ಸುದ್ದಿ ನಿಮ್ಮ ಕಿವಿ ದಾಟಬಾರದು. ದೇವರ ಮೇಲೆ ಆಣೆ ಬೇಡ ಮಾರಾಯ್ರೆ, ಫೋನಿನ ಮೇಲೆ ಕೈಯಿಟ್ಟು ಹೇಳಿ. ಈಗ ಅದನ್ನು ಬಿಟ್ಟು ಬದುಕುವವರು ಯಾರೂ ಇಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕಣ್ಣಿಗೂ ಕಿವಿಗೂ ಶಾಲೆ ಬೇಡವಲ್ಲ. ಅಮೆರಿಕದ ಸ್ಯಾಂಟಾ ಕ್ಲಾರಿಟಾದಲ್ಲಿ ನನ್ನ ಮಗಳ ಮನೆಯ ಅಡುಗೆಮನೆ ಕಿಟಕಿ ಪಕ್ಕದ ಮನೆಯವರು ಕಾರು ನಿಲ್ಲಿಸುವ ಡ್ರೈವ್‌ವೇ ಕಡೆಗೇ ಉಂಟು. ಅದು ಮನೆ ಕಟ್ಟಿದವನ ತಪ್ಪು. ಹಾಗಾಗಿ ಇಂಥದ್ದೆಲ್ಲ ನನ್ನ ಕಣ್ಣೆದುರಿಗೇ ನಡೆಯುತ್ತಾ ಇರುತ್ತದೆ.

ಪಕ್ಕದ ಮನೆಯಾಕೆ ಹುಬ್ಬಳ್ಳಿ ಕಡೆಯವರು. ಗಂಡ ಹೋಗಿ ಐದು ವರ್ಷ. ಒಬ್ಬಳೇ ಮಗಳು, ಇಲ್ಲೇ ಹುಟ್ಟಿದವಳು. ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕೆಲಸ ಎಂತ ಗೊತ್ತಾ? ಟಿವಿಗೆ ನಗೆನಾಟಕ ಬರೆಯುವುದು. ಹೌದು, ಅದಕ್ಕೂ ಸಂಬಳ ಕೊಡುತ್ತಾರೆ.

1. ಸತ್ತವರ ಜೊತೆ ನಕ್ಕದ್ದು

ಎಲ್ಲರೂ ಮಾಸ್ಕ್ ತೆಗೆದು ಒಬ್ಬರ ಮನೆಗೊಬ್ಬರು ಹೋಗಲು ಸುರು ಮಾಡಿದ ವರ್ಷ. ಊಟವಾದ ಮೇಲೆ ಪಕ್ಕದ ಮನೆಯ ಸೋಫಾದಲ್ಲಿ ಕೂತು ಅಮೆರಿಕದ ನಗೆನಾಟಕ ನೋಡುವುದು ನನ್ನ ಕ್ರಮ. ನನ್ನ ಇಂಗ್ಲಿಷು ಅರ್ಧಂಬರ್ಧ. ಆದರೂ ತೊಂದರೆ ಇಲ್ಲ. ಎಲ್ಲಿ ನಗಬೇಕೋ ಅಲ್ಲಿ ಟಿವಿಯೊಳಗಿನಿಂದಲೇ ಜನ ನಗುತ್ತಾರೆ, ನಾನೂ ನಕ್ಕುಬಿಡುತ್ತೇನೆ. ಹೊರಗೆ ಜಕರಂಡ ಮರದ ನೇರಳೆ ಹೂ ಒಂದೊಂದೇ ಉದುರುವುದು. ಪರದೆಯ ಸಂದಿಯಿಂದ ಬಿಸಿಲು ಜೇನಿನ ಹಾಗೆ ನೆಲದ ಮೇಲೆ ಇಳಿಯುವುದು. ಕಣ್ಣು ಎಳೆಯುವುದು. ಆ ನಗು ಎಲ್ಲಿಂದಲೋ ಮಲ್ಪೆಯ ತೆರೆಯ ಹಾಗೆ ಬಂದು, ಕಾಲು ತೋಯಿಸಿ, ಹಿಂದೆ ಹೋಗುವುದು. ಅರೆನಿದ್ದೆಯಲ್ಲೇ ನಾನೂ ಅದರ ಜೊತೆ ತೇಲುವುದು.

ಒಂದು ದಿನ ಹುಡುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅವಳಮ್ಮ ಕನ್ನಡ ಮಾಡಿದರು: “ಅಮ್ಮಾರ, ಅಲ್ಲಿ ಮಂದಿನ ಇಲ್ಲಂತ್ರಿ. ಹಳೇ ಕಾಲದಾಗ ತುಂಬಿಟ್ಟ ನಗಿ ಅಂತ. ನಕ್ಕವರೊಳಗ ಎಷ್ಟೋ ಮಂದಿ ಸತ್ತ ಹೋಗಿರಬೇಕಂತ.”

ನಾನು ಎದ್ದು ಕೂತೆ. “ಹಾಗಾದರೆ ಈಗ ತಲೆಗೆ ಸ್ನಾನ ಆಗಬೇಕಾ, ಕಾಲು ತೊಳೆದರೆ ಸಾಕಾ?”

2. ಕೇಕ್ ಹಿಡಿದು ನೆನೆದವನು

ಆ ಹುಡುಗಿಯ ಆಫೀಸಿಗೆ ಇಂಗ್ಲೆಂಡಿನಿಂದ ಒಬ್ಬ ಹುಡುಗ ಬಂದ. ಅಲ್ಲೇ ಬೆಳೆದ ಕನ್ನಡದವನು, ಮೈಸೂರು ಕಡೆ. ಇಂಗ್ಲೆಂಡಿನ ಒಂದು ನಗೆನಾಟಕವನ್ನು ಅಮೆರಿಕದವರಿಗೆ ಒಗ್ಗುವ ಹಾಗೆ ತಿದ್ದಿ ಬರೆಯುವ ಕೆಲಸ ಇಬ್ಬರಿಗೂ. ಒಂದು ಭಾನುವಾರ ಅವನು ಆ ಮೂಲ ನಾಟಕವನ್ನೇ ತಂದು ನಮಗೆ ತೋರಿಸಿದ.

ಅದರಲ್ಲಿ ಒಬ್ಬ ಬಡ ಗುಮಾಸ್ತ. ಅವನ ಹುಟ್ಟುಹಬ್ಬ ಆಫೀಸಿನಲ್ಲಿ ಯಾರಿಗೂ ನೆನಪಿಲ್ಲ. ತಾನೇ ಕೇಕ್ ತಂದುಕೊಂಡು ಬಸ್‌ಸ್ಟಾಪಿನಲ್ಲಿ ನಿಂತಿದ್ದಾನೆ. ಮಳೆ ಬಂತು. ಬಸ್ಸು ಬರಲಿಲ್ಲ. ಟಿವಿಯೊಳಗೆ ಒಂದು ನರಪಿಳ್ಳೆಯೂ ನಗುವುದಿಲ್ಲ. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ನೋಡಿದರೆ, ಈ ಹುಡುಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೆ!

“ಮುಂದಿನ ವಾರ ಅವನಿಗೆ ಪ್ರಮೋಷನ್ ಸಿಗುತ್ತದಾ ಮಗಾ?” ಅಂತ ಕೇಳಿದೆ.

“ಇಲ್ಲ ಅಜ್ಜಿ. ಮುಂದಿನ ವಾರ ಅವನ ಛತ್ರೀನೂ ಕಳೆದುಹೋಗುತ್ತೆ.”

“ಆಮೇಲೆ?”

“ಆಮೇಲೆ ಮುಗಿದೇ ಹೋಗುತ್ತೆ. ಒಟ್ಟು ಆರೇ ಕಂತು.”

ನಮ್ಮ ಹುಡುಗಿಗೆ ತಡೆಯಲಿಲ್ಲ. ಅಮೆರಿಕದಲ್ಲಿ ಹಾಗೆಲ್ಲ ನಡೆಯುವುದಿಲ್ಲ, ಕೊನೆಗೆ ಆಫೀಸಿನವರೆಲ್ಲ ಓಡಿಬಂದು ಅವನನ್ನು ಅಪ್ಪಿಕೊಳ್ಳಲೇಬೇಕು, ಇಲ್ಲದಿದ್ದರೆ ಜನ ಚಾನೆಲ್ ಬದಲಿಸುತ್ತಾರೆ ಅಂದಳು. ಅವಳಮ್ಮ ಮಾತ್ರ ಶಾಂತವಾಗಿ ಅಂದರು: “ಆರ ಕಂತಿಗೆ ನಿಲ್ಲಸ್ತಾರಂದ್ರ, ಪಾಪ, ಅಷ್ಟು ದುಃಖ ಅವರಿಗೂ ತಡಕೊಳ್ಳಾಕ ಆಗಂಗಿಲ್ಲ ಕಾಣಸ್ತೈತಿ.”

3. ಡ್ರೈವ್‌ವೇಯಲ್ಲಿ ಒಂದು ಗಂಟೆ

ಇದು ಕಿಟಕಿಯಿಂದ ಕಂಡದ್ದು. ಬೈಗಿನ ಹೊತ್ತು, ಗುಡ್ಡದ ಮೇಲೆಲ್ಲ ಗುಲಾಬಿ ಬೆಳಕು. ಕಾರು ನಿಂತಿದೆ, ಎಂಜಿನ್ ಆಫ್, ಒಳಗೆ ಅವರಿಬ್ಬರು. ಅರ್ಧ ಗಂಟೆ ಆಯಿತು. ಒಂದು ಗಂಟೆ ಆಯಿತು. ನನ್ನ ಒಗ್ಗರಣೆ ಸೀದುಹೋಯಿತು. ನಾಡಿದ್ದೇ ನಿಶ್ಚಿತಾರ್ಥ ಅಂತ ಮಗಳಿಗೆ ಹೇಳಿಯೂ ಆಯಿತು.

ಕಸದ ಡಬ್ಬಿ ಇಡುವ ನೆಪದಲ್ಲಿ ಹತ್ತಿರ ಹೋದೆ. ಪ್ರೀತಿಯೂ ಇಲ್ಲ, ಎಂತದೂ ಇಲ್ಲ. ಗುಮಾಸ್ತನನ್ನು ಅಪ್ಪಿಕೊಳ್ಳಬೇಕಾ, ಮಳೆಯಲ್ಲೇ ಬಿಡಬೇಕಾ ಅಂತ ಜಗಳ! ಅವಳು ಅಳುತ್ತಿದ್ದಳು. ಅವನು ಕರ್ಚೀಫು ಕೊಟ್ಟು, ಗುಮಾಸ್ತನಿಗೆ ಅಪ್ಪುಗೆ ಮಾತ್ರ ಕೊಡುವುದಿಲ್ಲ ಅನ್ನುತ್ತಿದ್ದ. ಅಷ್ಟು ಹಟದಿಂದ ಜಗಳ ಆಡುವವರು ಮದುವೆ ಆಗದೆ ಇರುತ್ತಾರಾ? ನಾನು ಹೇಳಿದ್ದು ಸುಳ್ಳಾಗಲಿಲ್ಲ, ನಾಡಿದ್ದು ಅಂದದ್ದು ನಾಲ್ಕು ತಿಂಗಳು ತಡ ಆಯಿತು, ಅಷ್ಟೆ.

4. ದೋಸೆ ಆರಿದ್ದು

ಹುಡುಗನ ಅಪ್ಪ ಇಂಗ್ಲೆಂಡಿನಿಂದ ಬಂದು ಸ್ಯಾನ್ ಡಿಯಾಗೋದಲ್ಲಿ ತಂಗಿಯ ಮನೆಯಲ್ಲಿ ಇಳಿದರು. ಹೆಣ್ಣು ನೋಡುವ ಶಾಸ್ತ್ರಕ್ಕೆ ಹೆಣ್ಣಿನವರೇ ಮೂರು ಗಂಟೆ ಡ್ರೈವ್ ಮಾಡಿಕೊಂಡು ಹೋದದ್ದು! ಹಿರಿಯರು ಅಂತ ಒಬ್ಬರಿರಲಿ ಅಂತ ನನ್ನನ್ನೂ ಕೂರಿಸಿಕೊಂಡರು. ದಾರಿಯುದ್ದಕ್ಕೂ ಸಮುದ್ರದ ಮಂಜು. ರಸ್ತೆಯೇ ಇಲ್ಲ, ಮೋಡದ ಮೇಲೆ ಹೋಗುತ್ತಿದ್ದೇವೆ ಅನ್ನಿಸಿತು. ಹುಡುಗನಿಗೆ ಶೂಟಿಂಗ್, ಬರಲಿಲ್ಲ.

ಆ ಅಪ್ಪ ಉದ್ದ ಮುಖದ ಮನುಷ್ಯ, ತುಟಿ ಅಲುಗುವುದಿಲ್ಲ. ಹುಡುಗಿ ಮಾಡಿದ ಮೈಸೂರುಪಾಕು ಬಾಯಿಗಿಟ್ಟು, “ಹಲ್ಲು ನನ್ನದೇ, ಪರವಾಗಿಲ್ಲ, ಟ್ರೈ ಮಾಡ್ತೀನಿ” ಅಂದರು. “ನಮ್ಮ ಹುಡುಗ ಅಂಥಾ ಉಪಯೋಗಕ್ಕೆ ಬರೋನಲ್ಲಮ್ಮ, ಇನ್ನೊಂದು ಸಲ ಯೋಚನೆ ಮಾಡು” ಅಂತ ಹುಡುಗಿಗೇ ಹೇಳಿದರು. ಯಾರೂ ನಗಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ ಬಂದು, ಅದೇ ಮುಖದಲ್ಲಿ, “ಸರಿ, ಊರಿಗೆ ಹೋಗಿ ಕಾಗದ ಬರೀತೀವಿ” ಅಂದರು.

ಅಯ್ಯೋ ದೇವರೇ! ನಮ್ಮಲ್ಲಿ ಹೆಣ್ಣು ಬೇಡ ಅನ್ನುವವರೆಲ್ಲ ಹೇಳುವುದು ಇದೇ ಮಾತು. ಉಪ್ಪಿಟ್ಟು ತಿಂದು, ಕಾಗದ ಬರೀತೀವಿ ಅಂದು ಹೋದವರು ಯಾರೂ ಬರೆದದ್ದಿಲ್ಲ. ಹುಬ್ಬಳ್ಳಿಯಾಕೆಯ ಮುಖ ಸುಣ್ಣ ಆಯಿತು. ವಾಪಸು ಬರುವಾಗ ಅದೇ ಊರಿನ ಕರ್ನಿ ಮೆಸಾದ ಹೋಟೆಲಿನಲ್ಲಿ ದೋಸೆ ಬಂತು. ತಾಯಿಯೂ ಮುಟ್ಟಲಿಲ್ಲ, ಮಗಳೂ ಮುಟ್ಟಲಿಲ್ಲ. ನನಗೂ ದುಃಖವೇ. ಆದರೆ ಮೂರು ದೋಸೆ ಹಾಳು ಮಾಡುವಷ್ಟು ದುಃಖ ಅಲ್ಲ.

ಹುಡುಗಿ ಅಲ್ಲಿಂದಲೇ ಹುಡುಗನಿಗೆ ಫೋನ್ ಮಾಡಿದಳು. ಅವನು ಎಲ್ಲ ಕೇಳಿ ಗಹಗಹಿಸಿ ನಕ್ಕನಂತೆ. “ಅಪ್ಪ ಅಷ್ಟೆಲ್ಲ ಅಂದ್ರಾ? ಹಾಗಾದ್ರೆ ತುಂಬಾ ಖುಷಿಯಾಗಿದ್ದಾರೆ!” ನನ್ನ ಅಮ್ಮ ಅಳುತ್ತಿದ್ದಾಳೆ, ನಿನಗೆ ನಗುವಾ ಅಂತ ಇವಳು ಫೋನ್ ಇಟ್ಟಳು. ಮೂರು ವಾರ ಮಾತಿಲ್ಲ. ಒಂದೇ ಮೇಜಿನಲ್ಲಿ ಕೂತು ನಗೆನಾಟಕ ಬರೆಯುವುದು ಬೇರೆ!

5. ನನಗೂ ಹೊಸ ಸುದ್ದಿ

ಆ ಶನಿವಾರ ಕ್ಯಾಲಬಾಸಸ್ ದೇವಸ್ಥಾನದಲ್ಲಿ ಒಬ್ಬರಿಗೆ, ಒಬ್ಬರಿಗೇ, ಸಂಬಂಧ ಮುರಿಯಿತು ಅಂತ ಹೇಳಿದೆ. ಮನಸ್ಸು ಹಗುರ ಆಗಬೇಕಲ್ಲ. ಬಿಳಿ ಗೋಪುರದ ನೆರಳಿನಲ್ಲಿ ಮಂಗಳಾರತಿಯ ಗಂಟೆ ಕೇಳುತ್ತಾ ಕನಸಿನಲ್ಲಿದ್ದ ಹಾಗೆ ಕೂತಿದ್ದೆ. ಪ್ರಸಾದದ ಸಾಲಿಗೆ ಬಂದಾಗ ಹಿಂದಿನಾಕೆ ನನ್ನ ಕಿವಿಯಲ್ಲಿ ಹೇಳಿದಳು: “ಆಂಟಿ, ನಿಮ್ಮ ಪಕ್ಕದ ಮನೆಯವರು ನೋಡಿದ ಹುಡುಗನಿಗೆ ಲಂಡನ್‌ನಲ್ಲಿ ಹೆಂಡತಿ ಇದ್ದಾಳಂತೆ!” ನೋಡಿ, ಪುಳಿಯೋಗರೆ ಸಿಗುವುದರೊಳಗೆ ಅವನಿಗೆ ಮದುವೆಯೇ ಆಗಿತ್ತು.

ಮರುದಿನ ಯಾರೋ ಬೇರೆ ಹುಡುಗನ ಜಾತಕ ಹಿಡಿದುಕೊಂಡು ಸಮಾಧಾನ ಹೇಳಲು ಪಕ್ಕದ ಮನೆಗೇ ಹೋದರು. ಹುಬ್ಬಳ್ಳಿಯಾಕೆ ಬಾಗಿಲು ಹಾಕಿ ಅತ್ತದ್ದು ನನ್ನ ಕಿಟಕಿವರೆಗೂ ಕೇಳಿಸಿತು. ಸುಳ್ಳು ಯಾಕೆ, ಆ ಹೊತ್ತು ನನಗೂ ಊಟ ಸೇರಲಿಲ್ಲ.

6. ಕಾಗದ ಬಂತು

ಬಂತು ಮಾರಾಯ್ರೆ, ನಿಜವಾದ ಕಾಗದ! ಇಂಗ್ಲೆಂಡಿನ ಸ್ಟಾಂಪು, ಕೈಬರಹ, ಕನ್ನಡ. ಅಂಚೆಯವಳು ಡಬ್ಬಿಗೆ ಹಾಕುವಾಗ ನಾನೇ ನೋಡಿದ್ದು. ಒಂದೇ ಸಾಲು: “ಹೇಳಿದಂತೆ ಬರೆದಿದ್ದೇನೆ. ಹುಡುಗಿಯ ವಿಷಯದಲ್ಲಿ ನಮಗೆ ಹೇಳಿಕೊಳ್ಳುವಂಥ ತಕರಾರು ಏನೂ ಇಲ್ಲ.”

ಇದು ಹೌದಾ, ಅಲ್ಲವಾ ಅಂತ ತಾಯಿಗೂ ಮಗಳಿಗೂ ತಿಳಿಯಲಿಲ್ಲ. ಕೊನೆಗೆ ಹುಡುಗನನ್ನೇ ಕರೆಸಿದರು. ಅವನು ಎರಡೆರಡು ಸಲ ಓದಿದ. ಕಣ್ಣಲ್ಲಿ ನೀರು. “ಆಂಟಿ, ಅಪ್ಪ ಜನ್ಮದಲ್ಲಿ ಯಾರನ್ನೂ ಇಷ್ಟು ಹೊಗಳಿಲ್ಲ. ನಮ್ಮಮ್ಮನನ್ನೂ.” ಆಮೇಲೆ ಹುಡುಗ ಹುಡುಗಿ ಇಬ್ಬರೂ ಅಪ್ಪಿಕೊಂಡರು, ಅಮೆರಿಕದ ಕ್ರಮದಲ್ಲಿ.

ಮೊನ್ನೆ ಹುಬ್ಬಳ್ಳಿಯಾಕೆ ನಮ್ಮ ಮನೆಗೆ ಬಂದರು. ದೇವಸ್ಥಾನದ ಕತೆ ಯಾರಿಂದ ಹೊರಟಿತು ಅಂತ ಅವರಿಗೆ ಗೊತ್ತಾಗಿದೆ ಅಂತ ನನಗೂ ಗೊತ್ತು. ಬೈದರೆ ಬೈಯಲಿ ಅಂತ ಬಾಯಿ ಮುಚ್ಚಿಕೊಂಡು ಕಾಫಿ ಕೊಟ್ಟೆ. ಬರುವ ಭಾನುವಾರ ನಿಶ್ಚಿತಾರ್ಥ ಅಂದರು. “ಕರೆಯುವ ಕೆಲಸ ಎಲ್ಲ ಮುಗಿಯಿತಾ?” ಅಂತ ಮೆಲ್ಲಗೆ ಕೇಳಿದೆ.

ಅವರು ಲೋಟ ಕೆಳಗಿಟ್ಟರು. ಮುಖದಲ್ಲಿ ನಗು ಇಲ್ಲ, ಸಿಟ್ಟೂ ಇಲ್ಲ, ಥೇಟ್ ಬೀಗರದೇ ಮುಖ.

“ನೂರಾ ಇಪ್ಪತ್ತು ಮಂದಿಗೆ ಫೋನ್ ಹಚ್ಚಾಕ ನನಗೆಲ್ಲಿ ಪುರಸೊತ್ತರಿ, ಅಮ್ಮಾರ? ಅದಕ್ಕ, ಯಾರಿಗೂ ಹೇಳಬ್ಯಾಡ್ರಿ ಅಂತ ನಿಮಗೊಬ್ಬರಿಗೇ ಹೇಳಿ ಹೋಗೂಣಂತ ಬಂದೆ.”