ಅವರೆ ಬೇರಿನ ಗಂಟು

ಕಣ್ಣಿಗೆ ಕಾಣುವ ಸರಕು ಮಾರಿದರೇ ಗಿರಾಕಿ ನೂರು ಕೊಂಕು ತೆಗೆಯುತ್ತಾನೆ. ಅರವತ್ತರ ದಶಕದಲ್ಲಿ ಯಶವಂತಪುರದ ನನ್ನ ಬೀಜದ ಅಂಗಡಿಯಲ್ಲಿ ನಾನು ಕಣ್ಣಿಗೆ ಕಾಣದ್ದನ್ನೇ ಮಾರಲು ಹೊರಟೆ. ಆಮೇಲೆ ಒಂದು ದಿನವೂ ಬೇಜಾರಾಗಲಿಲ್ಲ.

೧. ನೆರಳು

ಹೆಬ್ಬಾಳದ ಕೃಷಿ ಕಾಲೇಜಿನ ಮೇಷ್ಟ್ರೊಬ್ಬರು ಕಪ್ಪು ಪುಡಿಯ ಪೊಟ್ಟಣಗಳನ್ನು ಕೊಡಿಸಿದರು. ಒಳಗಿರುವುದು ಜೀವಾಣು, ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಉಣಿಸುತ್ತವೆ, ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಸವರಬೇಕು, ಬಿಸಿಲು ತಾಗಿದರೆ ಸಾಯುತ್ತವೆ ಎಂದರು. ನಮ್ಮಮ್ಮ ಕೇಳಿಸಿಕೊಂಡರು. ಇರುವೆ ಸಾಲು ಕಂಡರೂ ತುಳಿಯಬಾರದೆಂದು ಸುತ್ತಿ ಬರುವ ಹೆಂಗಸು. ಅಂಗಡಿಯಲ್ಲಿ ತಂಪಾಗಿದ್ದದ್ದು ನಾನು ಕೂರುವ ಮೂಲೆಯೊಂದೇ. "ಆ ಪೊಟ್ಟಣದಲ್ಲಿ ಕೋಟಿ ಜೀವ ಇದೆಯಂತೆ. ನೀನೊಬ್ಬ ತಾನೇ, ಏಳು" ಎಂದರು. ಆ ಬೇಸಿಗೆಯೆಲ್ಲ ಪೊಟ್ಟಣಗಳಿಗೆ ಮೂಲೆ ಬಿಟ್ಟುಕೊಟ್ಟು, ಬಿಸಿಲಲ್ಲಿ ಕೊಡೆ ಹಿಡಿದು ವ್ಯಾಪಾರ ಮಾಡಿದೆ.

೨. ಪಂಕ್ತಿ

ಬಾಗಲಗುಂಟೆಯ ಗೌಡರು ಹಳೇ ಗಿರಾಕಿ. ಅವರು ಮೆಚ್ಚಿದರೆ ದಾಸರಹಳ್ಳಿ ಸುತ್ತಲ ಊರೆಲ್ಲ ಮೆಚ್ಚಿದ ಹಾಗೆ, ಉಗಿದರೆ ಊರೆಲ್ಲ ಉಗಿದ ಹಾಗೆ. ಅವರಿಗೆ ವಿವರಿಸಿದೆ: ಅವರೆ, ಅಲಸಂದೆ, ಕಡಲೆಕಾಯಿ ಒಂದೇ ಪಂಕ್ತಿ, ಒಂದೇ ಜೀವಾಣು ಸಾಕು. ಬಟಾಣಿಯದು ಬೇರೆ, ದನದ ಮೇವಿನ ಕುದುರೆಮೆಂತೆಯದು ಇನ್ನೊಂದು. ಯಾವ ಬೇರಿನ ಹಂಗೂ ಇಲ್ಲದೆ ಮಣ್ಣಲ್ಲಿ ಒಂಟಿಯಾಗಿರುವ ಬಗೆಯೂ ಉಂಟು.

ಗೌಡರು ತಲೆ ಕೆರೆದುಕೊಂಡರು. "ಕೊನೇದು ಸನ್ಯಾಸಿ ಅನ್ನಿ. ಮಿಕ್ಕಿದ್ದಕ್ಕೆ ಕುಲ ನೋಡ್ಬೇಕು. ಇಂಗಾದ್ರೆ ಬಿತ್ತನೆಗೂ ಪುರೋಹಿತರನ್ನ ಕರೀಬೇಕಾಯ್ತದೆ, ಸೆಟ್ರೇ."

ಆದರೂ ಅವರೆ ಹೊಲಕ್ಕೆಂದು ಒಂದು ಪೊಟ್ಟಣ ಒಯ್ದರು.

೩. ಗಂಟು

ಒಂದೂವರೆ ತಿಂಗಳಿಗೆ ಗೌಡರು ಬೇರು ಸಮೇತ ಕಿತ್ತ ಅವರೆ ಗಿಡಗಳನ್ನು ತಂದು ನನ್ನ ಮುಂದೆ ಒಗೆದರು. ಜೊತೆಗೆ ಪೇಟೆ ನೋಡಲೆಂದು ಬಂದ ಮನೆಅಳಿಯ, ಎಲೆಅಡಿಕೆ ಮೆಲ್ಲುತ್ತಾ. ಬೇರಿನ ತುಂಬ ಗಂಟು. ನನ್ನ ಪುಡಿಯಿಂದ ಬೇರಿಗೆ ಕುರು ಎದ್ದಿದೆ, ಸಂತೆಯಲ್ಲಿ ಎಲ್ಲರಿಗೂ ತೋರಿಸುತ್ತೇನೆ ಎಂದರು ಗೌಡರು. ಅಂಗಡಿ ತುಂಬ ಜನ.

ಮೇಷ್ಟ್ರು ಹೇಳಿದ್ದು ನೆನಪಾಗಿ ಚಾಕುವಿನಿಂದ ಒಂದು ಗಂಟು ಕೊಯ್ದೆ. ಪುಣ್ಯಕ್ಕೆ ಒಳಗೆ ಕೆಂಪಗಿತ್ತು. ಜೀವಾಣು ಕೆಲಸ ಮಾಡುತ್ತಿದ್ದರೆ ಹಾಗೇ ಇರುವುದು. ಧೈರ್ಯ ಬಂದು ಬಾಯಿ ಸಡಿಲವಾಯಿತು.

"ಈ ಜೀವಾಣು ಮನೆಅಳಿಯ ಇದ್ದ ಹಾಗೆ, ಗೌಡ್ರೇ. ಗಿಡದ ಮನೇಲಿ ಉಣ್ತಾನೆ, ಸಾರಜನಕ ದುಡಿದು ಹಾಕ್ತಾನೆ. ಕೆಲವರು ಬರೀ ಉಣ್ತಾರೆ, ಅವರ ಗಂಟು ಬೆಳ್ಳಗಿರುತ್ತೆ. ಹೊರಗಿಂದ ಗೊತ್ತಾಗಲ್ಲ, ಕೊಯ್ದೇ ನೋಡ್ಬೇಕು."

ಗೌಡರು ಇನ್ನೆರಡು ಪೊಟ್ಟಣ ಕಟ್ಟಲು ಹೇಳಿದರು. ಆಮೇಲೆ ನನ್ನ ಕೈಯಿಂದ ಚಾಕು ತೆಗೆದುಕೊಂಡು, ಪಂಚೆಗೆ ಒರೆಸಿ, ನಿಧಾನವಾಗಿ ಅಳಿಯನ ಕಡೆ ತಿರುಗಿದರು.

ಅಳಿಯ ಎಲೆಅಡಿಕೆ ನುಂಗಿಬಿಟ್ಟ. "ಮಾವ, ಕಳೆ ಕೀಳೋಕೆ ಹೋಯ್ತೀನಿ. ನಮ್ಮ ಹೊಲ ಇರೋದು ಕೆರೆ ಈ ಕಡೆಗೋ, ಆ ಕಡೆಗೋ?"