ಐವತ್ತೆರಡು ಶಿಲ್ಪಗಳ ಇಸ್ಪೀಟ್ ಕಟ್ಟು

ಇಸ್ಪೀಟ್ ಎಲೆ ತಯಾರಿಸಲು ಇಸ್ಪೀಟ್ ಆಡಲು ಬರಲೇಬೇಕೆಂದೇನೂ ಇಲ್ಲ ಎಂಬುದು ಆಗ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ನಾನು ಇತಿಹಾಸದ ಎಂ.ಎ. ರಾಜ್ಯ ಆಳದೆಯೇ ಕಾಲೇಜಿನಲ್ಲಿ ರಾಜರ ಪಾಠ ಮಾಡುತ್ತಿರಲಿಲ್ಲವೇ?

ನನ್ನ ಮಾವನವರ ಊರು ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ. ಅಲ್ಲಿ ಯುಗಾದಿ ಊಟವಾದ ಮೇಲೆ ಗಂಡಸರು ಜಗಲಿಯಲ್ಲಿ ಜಮಖಾನ ಹಾಸಿ, ತೆಂಗಿನಕಾಯಿ ಪಣವಿಟ್ಟು ರಮ್ಮಿ ಆಡುತ್ತಾರೆ. ಅಂದು ಸೋತವನಿಗೆ ವರ್ಷವಿಡೀ ಸೋಲು ಎಂಬುದು ಮಾವನವರ ನಂಬಿಕೆ. ಮದುವೆಯಾಗಿ ಮೂರು ಯುಗಾದಿ ಕಳೆದರೂ ಆ ಜಮಖಾನದ ಮೇಲೆ ನನಗೆ ಜಾಗ ಸಿಕ್ಕಿರಲಿಲ್ಲ.

"ಮೇಷ್ಟ್ರಿಗೆ ಆಟ ಬರಲ್ಲ. ಒಳಗೆ ಇನ್ನೊಂದು ಒಬ್ಬಟ್ಟು ಹಾಕ್ರಮ್ಮಾ!" ಎಂದು ಮಾವ ನನ್ನನ್ನು ಹೆಂಗಸರು ಮಕ್ಕಳ ಪಂಕ್ತಿಗೆ ಸಾಗಹಾಕುತ್ತಿದ್ದರು.

ನಾಲ್ಕನೆಯ ಯುಗಾದಿಗೆ ಎಲೆಯ ಕಟ್ಟೇ ನನ್ನದಾದರೆ? ಆಗ ಹೇಗೆ ಎಬ್ಬಿಸುತ್ತಾರೆ, ನೋಡೋಣ!

ಸಹೋದ್ಯೋಗಿಯ ಕ್ಯಾಮೆರಾ ಎರವಲು ಪಡೆದು ಎರಡು ಭಾನುವಾರ ಬೇಲೂರು, ಹಳೇಬೀಡು ಸುತ್ತಿದೆ. ಕನ್ನಡಿ ನೋಡುವ ಮದನಿಕೆ, ಗಿಳಿಯ ಮದನಿಕೆ, ಆನೆ, ಹಂಸ, ಮಕರ. ತಲೆ ಎತ್ತಿ ಎತ್ತಿ ಕತ್ತು ಹಿಡಿದುಕೊಂಡಿತು. ಆದರೇನು, ಐವತ್ತೆರಡು ಎಲೆಗಳ ಬೆನ್ನಿಗೆ ಐವತ್ತೆರಡು ಬೇರೆ ಬೇರೆ ಶಿಲ್ಪ!

ಹೆಂಡತಿ ಸುಮಾ ಫೋಟೋಗಳನ್ನು ನೋಡಿ, "ಅಲ್ಲಾರೀ, ನಮ್ಮಪ್ಪ ಆಡೋ ಎಲೇಲಿ ಬೆನ್ನೆಲ್ಲಾ ಒಂದೇ ಥರ ಇರುತ್ತಪ್ಪ," ಎಂದಳು.

"ಅದು ಕಾರ್ಖಾನೆಯವರ ಸೋಮಾರಿತನ ಕಣೇ."

ಅರಸೀಕೆರೆಯ ಡಿ.ಟಿ.ಪಿ. ಅಂಗಡಿಯವನೂ ಒಂದು ಮಾತು ಹೇಳಿದ. "ಸಾರ್, ಹಿಂದ್ಗಡೆ ಒಂದೇ ಡಿಸೈನ್ ಹಾಕಣ. ಎಲ್ಲಾ ಕಡೆ ಅಂಗೇ ಇರೋದು."

"ಎಲ್ಲಾ ಕಡೆ ಇರೋದೇ ಬೇಕಿದ್ರೆ ನಿನ್ನ ಹತ್ರ ಯಾಕಯ್ಯ ಬರ್ತಿದ್ದೆ?"

ಅವನು ನನ್ನನ್ನೊಮ್ಮೆ, ಲ್ಯಾಮಿನೇಷನ್ ಮೆಷಿನ್ನನ್ನೊಮ್ಮೆ ನೋಡಿ, ಬಳಲಿದ ದನಿಯಲ್ಲಿ "ಆಯ್ತು ಸಾರ್" ಎಂದ. ಆ ಪುಣ್ಯಾತ್ಮ ಅಂದು ನನ್ನ ಜೀವ ಉಳಿಸಲು ನೋಡಿದ್ದ ಎಂದು ತಿಳಿದದ್ದು ಆಮೇಲೆ.

ಯುಗಾದಿ ಬಂತು. ಕಟ್ಟು ನೋಡಿ ಮಾವನ ಮುಖ ಅರಳಿತು. "ಬನ್ನಿ ಅಳಿಯಂದಿರೆ, ಇಲ್ಲೇ ಕೂತ್ಕಳಿ. ನೋಡ್ಕಂಡು ಕಲೀರಿ."

ಜಮಖಾನದ ಮೇಲೆ ಕೂತೆ! ನಾಲ್ಕು ವರ್ಷದ ತಪಸ್ಸು!

ಆಡುವವರು ಮೂವರು: ಮಾವ, ಅವರ ತಮ್ಮ ಚಿಕ್ಕಮಾವ, ಬಾಮೈದ ಮಂಜ. ಆಟಕ್ಕೆ ಮೊದಲು ಚಿಕ್ಕಮಾವ ಒಂದೊಂದೇ ಎಲೆಯನ್ನು ಹಿಂದೆ ಮುಂದೆ ತಿರುಗಿಸಿ ಅರ್ಧ ಗಂಟೆ ನೋಡಿದರು. ಇಂಥ ಕಲಾರಸಿಕರು ಮನೆಯಲ್ಲೇ ಇದ್ದಾರಲ್ಲ ಎಂದು ನನ್ನ ಕಣ್ಣು ತುಂಬಿಬಂತು.

ಆಮೇಲೆ ಏಳು ಆಟ ಆಯಿತು. ಏಳನ್ನೂ ಚಿಕ್ಕಮಾವನೇ ಗೆದ್ದರು! ಮಾವನ ಪಕ್ಕದಲ್ಲಿದ್ದ ಕಾಯಿಗಳೆಲ್ಲ ಅವರ ಕಡೆ ಉರುಳಿದವು. ಮಂಜ ಬೇಸತ್ತು ಎಳನೀರು ಕೆತ್ತಲು ಅಂಗಳಕ್ಕೆ ಹೋದ. ಮಾವ ಎಂಟನೆಯ ಆಟದ ಎಲೆ ಹಿಡಿದು, "ಈ ವರ್ಷ ಮುಗೀತು ಕಣಪ್ಪ ನಂದು," ಎಂದು ನಿಟ್ಟುಸಿರು ಬಿಟ್ಟರು.

ಸಮಾಧಾನ ಹೇಳಬೇಕಾದದ್ದು ಅಳಿಯನ ಕರ್ತವ್ಯ. ಹೇಳಿದೆ!

"ಬೇಜಾರು ಮಾಡ್ಕೋಬೇಡಿ ಮಾವ. ಚಿಕ್ಕಮಾವನಿಗೆ ಶಿಲ್ಪದ ಗುರುತು ಚೆನ್ನಾಗಿದೆ. ಬೆನ್ನು ನೋಡಿದ್ರೆ ಸಾಕು, ಎಲೆ ಯಾವುದು ಅಂತ ಗೊತ್ತಾಗುತ್ತೆ. ನಾನೂ ಹೇಳ್ತೀನಿ ನೋಡಿ. ನಿಮ್ಮ ಕೈಲಿರೋ ಕನ್ನಡಿ ಮದನಿಕೆ ಇಸ್ಪೀಟ್ ರಾಣಿ. ಪಕ್ಕದ ಆನೆ ಆಟೀನ್ ಒಂಬತ್ತು."

ಮಾವ ಆ ಎರಡೂ ಎಲೆಗಳನ್ನು ಜಮಖಾನದ ಮೇಲೆ ಮಗುಚಿ ನೋಡಿದರು.

"ಓಹೋ!" ಮಾವ ಎದ್ದು ನಿಂತರು. "ತಮ್ಮ, ಅಳಿಯ ಇಬ್ರೂ ಸೇರ್ಕಂಡು ನನ್ನ ವರ್ಷಾನೇ ನುಂಗಿಬಿಟ್ರಲ್ಲೋ!"

"ನಂದೇನೈತಣ್ಣ?" ಚಿಕ್ಕಮಾವ ತಣ್ಣಗೆ ಹೇಳಿದರು. "ಎಲೆ ತಾವೇ ಹೆಸರು ಹೇಳ್ಕಂಡು ಕೂತಿದ್ವು. ಕಿವಿ ಮುಚ್ಕಳಕಾಯ್ತದಾ? ಮಾಡ್ಸಿದ್ದು ನಿನ್ನ ಅಳಿಯ."

ಕೂಗಾಟ ಕೇಳಿ ಮಂಜ ಅಂಗಳದಿಂದ ಓಡಿಬಂದ. ಕೈಯಲ್ಲಿ ಮಚ್ಚು! ಅದರ ಅಂಚಿನಿಂದ ಏನೋ ತೊಟ್ಟಿಕ್ಕುತ್ತಿತ್ತು. "ಯಾರಪ್ಪಾ ಮೋಸ ಮಾಡಿದ್ದು?"

ಮಾವನ ಬೆರಳು ನನ್ನ ಕಡೆ ತಿರುಗಿತು.

ಆಮೇಲಿನದು ಈಗಲೂ ನನ್ನ ಕಣ್ಣ ಮುಂದೆ ನಿಧಾನವಾಗಿ, ಮತ್ತೆ ಮತ್ತೆ ನಡೆಯುತ್ತದೆ. ಪಂಚೆ ಎತ್ತಿದ್ದು ಗೊತ್ತು. ಏಣಿ ಹತ್ತಿದ್ದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕೊಬ್ಬರಿಗೆ ಕಾಯಿ ಒಣಗಿಸುವ ಅಟ್ಟದಲ್ಲಿ, ಕಾಯಿಗಳ ನಡುವೆ ಇನ್ನೊಂದು ಕಾಯಿಯಂತೆ ಮುದುಡಿದ್ದೆ. ಎದೆ ಬಡಿತಕ್ಕೋ ಏನೋ, ನಾಲ್ಕು ಕಾಯಿ ದಡದಡನೆ ಕೆಳಗುರುಳಿದವು.

ಎಷ್ಟೋ ಹೊತ್ತಿನ ಮೇಲೆ ಏಣಿಯ ತುದಿಯಲ್ಲಿ ಸುಮಾಳ ಮುಖ ಕಾಣಿಸಿತು. "ಇಳೀರಿ ಸಾಕು. ಮಂಜ ನಿಮಗೇ ಅಂತ ಎಳನೀರು ಕೆತ್ತಿಟ್ಟಿದಾನೆ."

"ಮಚ್ಚು ಹಿಡ್ಕೊಂಡು ಬಂದನಲ್ಲೇ!"

"ಎಳನೀರು ಏನು ಚಮಚದಲ್ಲಿ ಕೆತ್ತುತಾರಾ?"

ಕೆಳಗೆ ಮಾವ ಏಳೂ ಆಟಗಳನ್ನು ರದ್ದುಗೊಳಿಸಿ, ಎಣ್ಣೆ ಜಿಡ್ಡಿನ ಹಳೇ ಕಟ್ಟು ತೆಗೆದು, ಒಂದು ಆಟ ಗೆದ್ದು, ತಮ್ಮ ವರ್ಷವನ್ನು ಉಳಿಸಿಕೊಂಡಿದ್ದರು. ನನ್ನ ವರ್ಷದ ವಿಚಾರ ಯಾರೂ ಕೇಳಲಿಲ್ಲ.

ಈಗ ಪ್ರತಿ ಯುಗಾದಿಗೂ ಆಟಕ್ಕೆ ಮೊದಲು ಮಾವ ಗಂಭೀರವಾಗಿ ನನ್ನನ್ನು ಜಮಖಾನಕ್ಕೆ ಕರೆಯುತ್ತಾರೆ. ಹೊಸ ಕಟ್ಟು ಕೈಗಿತ್ತು, "ಮೇಷ್ಟ್ರೇ, ಬೆನ್ನೆಲ್ಲಾ ಒಂದೇ ಥರ ಐತಾ?" ಎಂದು ಕೇಳುತ್ತಾರೆ. ನಾನು ಐವತ್ತೆರಡನ್ನೂ ತಿರುವಿ ನೋಡಿ, "ಐತೆ ಮಾವ," ಎನ್ನುತ್ತೇನೆ.

ಆಮೇಲೆ ಎದ್ದು, ಒಬ್ಬಟ್ಟಿನ ಪಂಕ್ತಿಗೆ ಹೋಗುತ್ತೇನೆ.